ಮಡಕೆಯೊಳಗಿನ ಬಿಳುಪು

ಕಳೆದ ವಾರ ಆನವಟ್ಟಿಯ ಅಂಗಡಿಯೊಂದರಲ್ಲಿ ಜೈವಿಕ ಗೊಬ್ಬರದ ಪೊಟ್ಟಣ ಬಿಚ್ಚಿ ಮೂಸಿದೆ. ಹುಳಿ ಮಜ್ಜಿಗೆ, ಕೊಳೆತ ಹೊಂಗೆ ಸೊಪ್ಪು, ನೆರಳಿನ ಮಣ್ಣು ಎಲ್ಲ ಬೆರೆತ ವಾಸನೆ. ಎಪ್ಪತ್ತು ದಾಟಿದ ನಾನು ಪೊಟ್ಟಣವನ್ನು ಮಡಚಿ, ಮತ್ತೆ ಬಿಚ್ಚಿ ಮೂಸಿದೆ. ನಿಮ್ಮ ಮನೆಗಳ ಹಿತ್ತಿಲಲ್ಲೂ ಇಂಥದೊಂದು ವಾಸನೆ ಇದ್ದು ಹೋಗಿರಬಹುದು. ನನಗದು ಶಿಕಾರಿಪುರದ ಮನೆಯ, ಅತ್ತೆಯ ಮಡಕೆಯ, ನನ್ನ ಭಯದ ವಾಸನೆ.

ಅತ್ತೆ, ಅಂದರೆ ಅಪ್ಪನ ಅಕ್ಕ, ಗಂಡ ತೀರಿದ ಮೇಲೆ ಸೊರಬದಿಂದ ನಮ್ಮಲ್ಲಿಗೆ ಬಂದಾಗ ಒಂದು ಮಡಕೆ ಮಣ್ಣು ತಂದಿದ್ದಳು. "ಒಡವೆ ಮೈದುನ ಇಟ್ಕಂಡ, ಮಲ್ಲಿಗೆ ಬುಡದ ಮಣ್ಣು ನಾ ತಂದೆ. ಲಾಭ ಯಾರಿಗೆ ಹೇಳು ಅಪ್ಪೀ?" ಎಂದು ಮಗುವಾಗಿದ್ದ ನನ್ನೆದುರು ನಗುತ್ತಿದ್ದಳು. ಆ ಮನೆಯಲ್ಲಾದ ಮೊಣಕೈಯ ಸುಟ್ಟ ಗುರುತಿನ ಬಗ್ಗೆ ಮಾತ್ರ ನಗುತ್ತಿರಲಿಲ್ಲ. ಕೆರೆಯ ಕೆಳಗಿನ ನಮ್ಮ ತುಂಡು ನೆಲಕ್ಕೆ ಚೌಳು ಹತ್ತಿತ್ತು. ಉಪ್ಪು ಮೇಲೆದ್ದು ನೆಲ ಬೆಳ್ಳಗಾಗಿ, ನಾವು ಮಾರಲು ಬೆಳೆಯುತ್ತಿದ್ದ ಸೇವಂತಿಗೆಯ ಎಲೆಗಳು ಸುಟ್ಟಂತೆ ಮುರುಟುತ್ತಿದ್ದವು. ಅತ್ತೆ ಕುರಿಗೊಬ್ಬರ, ಹೊಂಗೆ ಸೊಪ್ಪು ಕೊಳೆಸಿ ಹಾಕಿ, ಒಂದು ಸಾಲಿನ ಬೇರುಗಳಿಗೆ ಮಾತ್ರ ಮಡಕೆಯ ಮಣ್ಣನ್ನು ಹಿಡಿ ಹಿಡಿ ಕೊಟ್ಟಳು. ಆ ಸಾಲು ಹೂಬಿಟ್ಟಿತು. ಮರುವರ್ಷ ಇಡೀ ನೆಲದ ಸಸಿಗಳಿಗೂ ಅದನ್ನೇ ಕೊಡುವೆನೆಂದು ಮಡಕೆಗೆ ದಿನವೂ ಆರಿದ ಗಂಜಿ ಉಣಿಸತೊಡಗಿದಳು. "ಇದ್ರಾಗೆ ಜೀವ ಐತಿ" ಎನ್ನುತ್ತಿದ್ದಳು. ಅಪ್ಪ ಒಂದೇ ಮಾತು ಹೇಳಿದ: "ಅಕ್ಕಾ, ಈ ಸಲ ಹೂ ಬರ್ಲಿಲ್ಲ ಅಂದ್ರ ನೀ ಸೊರಬಕ್ಕೇ ಹೋಗಬೇಕಾಗ್ತತಿ." ಅತ್ತೆ ಸೆರಗಿನಿಂದ ಮೊಣಕೈ ಮುಚ್ಚಿಕೊಂಡಳು. ಅಂದಿನಿಂದ ಸೊರಬದ ಬಸ್ಸಿನ ಹಾರನ್ ಕೇಳಿದರೆ ನಾನು ಓಡಿಹೋಗಿ ಅತ್ತೆಯ ಸೆರಗು ಹಿಡಿಯುತ್ತಿದ್ದೆ.

ಅತ್ತೆ ಕುರಿಗೊಬ್ಬರಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಗಂಜಿ ಹಾಕಲು ಮುಚ್ಚಳ ತೆಗೆದೆ. ಮಣ್ಣಿನ ಮೇಲೆಲ್ಲ ಬಿಳುಪು! ಹೊಲದ ಚೌಳು ಮಡಕೆಗೂ ಹೊಕ್ಕಿತು, ಇನ್ನು ಅತ್ತೆ ಸೊರಬಕ್ಕೆ ಹೋದ ಹಾಗೇ ಎಂದುಕೊಂಡೆ. ಉಪ್ಪಿನ ಭರಣಿಯನ್ನು ಅಮ್ಮ ಬಿಸಿನೀರಿನಲ್ಲಿ ತೊಳೆಯುತ್ತಿದ್ದದ್ದು ನೆನಪಾಯಿತು. ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಸುರಿದೆ. ಬಿಳುಪು ಹೋಯಿತು. ಅತ್ತೆಯನ್ನು ಉಳಿಸಿದೆನೆಂದು ಸಮಾಧಾನವೂ ಆಯಿತು.

ಸಸಿ ನೆಡುವ ದಿನ ಅವಳು ಮಡಕೆಗೆ ಬಗ್ಗಿ ಮೂಸಿದಳು, ಒಂದು ಹಿಡಿ ಮಣ್ಣು ತೆಗೆದು ಮತ್ತೆ ಮೂಸಿದಳು. "ಇದ್ನ ಯಾರಾರ ಮುಟ್ಟೀರೇನು?" ನಾನು ಸಸಿಗಳ ಬುಟ್ಟಿ ಎತ್ತಿಕೊಂಡು ಹೊಲದ ಕಡೆ ನಡೆದುಬಿಟ್ಟೆ. ಆ ವರ್ಷ ಸೇವಂತಿಗೆ ಮೊಗ್ಗಿಗೆ ಬರದೆ ಒಣಗಿತು.

ಮುಂದೆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದೆ. ಆ ಬಿಳುಪು ಬೇರಿಗೆ ನೆರವಾಗುವ ಜೀವಿಯಿರಬಹುದು, ಬರೀ ಬೂಷ್ಟೂ ಇರಬಹುದು. ಚೌಳು ಅತಿಯಾಗಿದ್ದರೆ ಯಾವ ಮಡಕೆಯ ಮಣ್ಣೂ ಗಿಡವನ್ನು ಕಾಯುತ್ತಿರಲಿಲ್ಲ. ನೀರು ಸುರಿದದ್ದಾದರೂ ನಿಜವೇ, ಆಮೇಲೆ ನಾನೇ ಕಟ್ಟಿಕೊಂಡದ್ದೇ ಎಂದು ಎಷ್ಟೋ ಸಲ ಅನುಮಾನಿಸಿದ್ದೇನೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಮಾತಿನಂತೆ ಸೊರಬಕ್ಕೆ ಹೊರಟ ಅತ್ತೆ ನನ್ನ ತಲೆ ಸವರಿ ಹೇಳಿದ ಮಾತು ಅನುಮಾನಕ್ಕೆ ಜಾಗ ಕೊಡುವುದಿಲ್ಲ: "ಮಡಕೆ ನಿನಗಿರ್ಲಿ ಅಪ್ಪೀ. ಗಂಜಿ ಹಾಕು. ಬಿಸಿ ಬ್ಯಾಡ, ಆರಿದ ಮ್ಯಾಲೆ ಹಾಕು."

ದಿನವೂ ಗಂಜಿಗೆ ಬೆರಳದ್ದಿ ನೋಡಿ ಹಾಕಿದೆ. ಅತ್ತೆ ತೀರಿಕೊಂಡಳೆಂದು ಸೊರಬದಿಂದ ಕಾರ್ಡು ಬಂದ ದಿನವೂ ಮಡಕೆಯ ಮಣ್ಣು ಬಿಳುಪು ಮರಳದೆ ಕಪ್ಪಗೇ ಇತ್ತು.