ಖಾಲಿ ಬಕೆಟ್ ಸೇದಿದವನು

ಸಾವಿರದ ಏಳುನೂರ ಎಪ್ಪತ್ತರ ಸುಮಾರಿಗೆ ಇಂಗ್ಲೆಂಡಿನ ನಮ್ಮ ಲೀಡ್ಸ್‌ನ ಬಿಯರ್ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುತ್ತಿದ್ದ ಜೇಬೆಜ್ ಹೋಲ್‌ರಾಯ್ಡ್ ಮಹಾ ಹಟಮಾರಿ. ಅವನ ತಮ್ಮ ಸೇತ್, ಬಿಯರ್ ಖಾಲಿಯಾದ ಆಳದ ತೊಟ್ಟಿಗೆ ತೊಳೆಯಲು ಇಳಿದವನು ಜೀವಂತವಾಗಿ ಮೇಲೆ ಬರಲಿಲ್ಲ. ದೆವ್ವ ಹಿಡಿಯಿತು ಎಂದರು ಜನ. ದೆವ್ವಕ್ಕೆ ಬೇರೆ ಕೆಲಸವಿಲ್ಲವೇ ಎಂದುಕೊಂಡ ಜೇಬೆಜ್, ಜಾಡಿಗಳಲ್ಲಿ ಬಗೆಬಗೆಯ ಗಾಳಿ ಹಿಡಿದು ಪರೀಕ್ಷಿಸುತ್ತಿದ್ದ ಪಕ್ಕದ ಬೀದಿಯ ಮೇಷ್ಟ್ರನ್ನು ಕೇಳಿದ.

"ಬಿಯರ್ ಹುದುಗುವಾಗ ಹುಟ್ಟೋ ಗಾಳಿ ಅದು. ದೀಪ ಆರಿಸುತ್ತೆ, ಉಸಿರು ಕಟ್ಟಿಸುತ್ತೆ. ಭಾರ ಜಾಸ್ತಿ, ತಳದಲ್ಲೇ ಕೂರುತ್ತೆ," ಎಂದರು ಮೇಷ್ಟ್ರು.

"ಭಾರ ಇದ್ರೆ ಮೊಗೆದು ಹಾಕ್ಬಹುದಲ್ಲ ಸ್ವಾಮಿ?"

"ಜಾಡಿಯಿಂದ ಜಾಡಿಗೆ ಸುರಿದಿದ್ದೀನಿ. ತೊಟ್ಟಿ ವಿಷಯ ನೀನೇ ನೋಡಬೇಕಪ್ಪ."

ಮರುದಿನ ಬೆಳಿಗ್ಗೆ ಅವನು ಅದೇ ತೊಟ್ಟಿಗೆ ಮೋಂಬತ್ತಿ ಇಳಿಬಿಟ್ಟ. ಅರ್ಧಕ್ಕೇ ಆರಿಹೋಯಿತು. ಹಗ್ಗಕ್ಕೆ ಬಕೆಟ್ ಕಟ್ಟಿ ಬಾವಿ ಸೇದುವಂತೆ ಸೇದತೊಡಗಿದ. ಖಾಲಿ ಬಕೆಟ್ ಬಂತು, ಹೊರಗೆ ಸುರಿದ. ಮತ್ತೆ ಇಳಿಸಿದ.

"ಏನಣ್ಣ, ತಲೆ ನೆಟ್ಟಗಿದ್ಯಾ?" ಎಂದ ಪೀಪಾಯಿ ಮಾಡುವ ಈನಕ್. ಸುತ್ತ ನಿಂತವರೆಲ್ಲ ನಕ್ಕರು.

"ಚೆಲ್ಲೋ ಜಾಗದಲ್ಲಿ ನಿಂತಿದೀಯ, ಆಚೆ ಸರಿ."

ಮಧ್ಯಾಹ್ನದ ಹೊತ್ತಿಗೆ ಅಂಗೈ ತುಂಬ ಬೊಬ್ಬೆ. ಆದರೆ ಮೋಂಬತ್ತಿ ಈಗ ತಳ ಮುಟ್ಟಿಯೂ ಉರಿಯುತ್ತಿತ್ತು. ಜೇಬೆಜ್ ಪೊರಕೆ ಹಿಡಿದು ಏಣಿ ಇಳಿದ. ಮೇಲೆ ಯಾರೂ ನಗಲಿಲ್ಲ.

ಈನಕ್ ಬಗ್ಗಿ ಮೆಲ್ಲಗೆ ಕೇಳಿದ, "ಅಣ್ಣ, ಇದ್ದೀಯಾ?"

"ಇದ್ದೀನಿ. ನಿಂತು ನೋಡ್ಬೇಡ, ಪಕ್ಕದ ತೊಟ್ಟಿಗೆ ಬಕೆಟ್ ಇಳಿಸು."