ತಗ್ಗಿದ ಗಾಂಧಾರ

ನಮ್ಮ ದೊಡ್ಡಮ್ಮ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ಪುಟ್ಟ ನಾಲಿಗೆಗಳಿರುತ್ತವೆ. ಅವಕ್ಕೆ ರೀಡು ಎನ್ನುತ್ತಾರೆ. ತಿದಿಯ ಗಾಳಿ ತಾಗಿದಾಗ ರೀಡು ಅದುರಿ ಸ್ವರ ಹುಟ್ಟುತ್ತದೆ. ತುದಿಯನ್ನು ಅರದಿಂದ ತುಸು ಉಜ್ಜಿದರೆ ನಾಲಿಗೆ ಹಗುರವಾಗಿ ಬೇಗ ಬೇಗ ಅದುರುತ್ತದೆ, ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಆದರೆ ಉಜ್ಜಿದ ಕೂಡಲೇ ನುಡಿಸಿ ನೋಡಬಾರದು. ಬಿಸಿಯಾದ ರೀಡು ತಗ್ಗಿ ನುಡಿಯುತ್ತದೆ. ತಣ್ಣಗಾದ ಮೇಲೇ ಅದರ ನಿಜವಾದ ಸ್ವರ ತಿಳಿಯುವುದು. ಅದಕ್ಕೇ ದೊಡ್ಡಮ್ಮ ಪ್ರತಿ ಸಲ ಅರ ಕೆಳಗಿಟ್ಟು ಬೇರೇನಾದರೂ ಮಾಡುತ್ತಾರೆ. ಮೇಜು ಒರೆಸುತ್ತಾರೆ, ಇಲ್ಲವೇ ಪಕ್ಕದಲ್ಲಿ ಮರಗೆಲಸ ಮಾಡುವ ದೊಡ್ಡಪ್ಪನನ್ನು ಬೈಯುತ್ತಾರೆ.

“ನನ್ನ ತಪ್ಪೇನೂ ಇಲ್ಲ, ರೀಡು ತಣ್ಣಗಾಗ್ಬೇಕು, ಅಷ್ಟೆ” ಎಂದು ದೊಡ್ಡಪ್ಪ ಗಿರಾಕಿಗಳಿಗೆ ಸಮಾಧಾನ ಹೇಳುತ್ತಾರೆ.

ಒಮ್ಮೆ ಬಸ್ ಡ್ರೈವರೊಬ್ಬರು ಹಳೆಯ ಹಾರ್ಮೋನಿಯಂ ಪೆಟ್ಟಿಗೆಯೊಂದನ್ನು ತಂದರು. ತಿದಿಯ ಮೂಲೆ ಹರಿದಿತ್ತು. ಅವರ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ವಿಚಿತ್ರವೆಂದರೆ, ಮಾತಿನಲ್ಲಿ ಬಾರದ ಪದಗಳು ಹಾಡಿನಲ್ಲಿ ಬರುತ್ತಿದ್ದವು. ಗಂಡ ತಿದಿ ಒತ್ತಿದರೆ ಆಕೆ ಎಡಗೈಯಲ್ಲಿ ಬಾರಿಸಿಕೊಂಡು, ನೀರು ಬೇಕೆಂದರೂ ರಾಗದಲ್ಲೇ ಕೇಳುತ್ತಿದ್ದರು.

“ಬೈಯೋದೂ ರಾಗದಲ್ಲೇ ಅಕ್ಕಾ. ಬೇಗ ಮಾಡಿಕೊಡಿ, ಬೈಸ್ಕೊಳ್ದೆ ಬೇಜಾರಾಗಿದೆ” ಎಂದರು ಡ್ರೈವರು.

ದೊಡ್ಡಮ್ಮ ಅವತ್ತೇ ತಿದಿಗೆ ಹೊಸ ಚರ್ಮ ಅಂಟಿಸಿದರು. ನುಡಿಸಿ ನೋಡಿದಾಗ ನಡುವಿನ ಗಾಂಧಾರ ಸ್ವರ ಕೂದಲೆಳೆಯಷ್ಟು ತಗ್ಗಿದ್ದು ಕಿವಿಗೆ ಚುಚ್ಚಿತು. ಪಾಪ, ಕಾಯಿಲೆಯವರು, ಇದೂ ಸರಿಯಾಗಲಿ ಎಂದು ಯಾರೂ ಕೇಳದಿದ್ದರೂ ರೀಡಿನ ತುದಿ ಉಜ್ಜಿ ಸ್ವರ ಏರಿಸಿದರು. ಸಂಜೆ ಡ್ರೈವರು ಬಂದು ಪೆಟ್ಟಿಗೆ ಒಯ್ದರು.

ಮಾರನೆಯ ದಿನ ಡ್ರೈವರು ಪೆಟ್ಟಿಗೆಯಿಲ್ಲದೆ ಬಂದು ಬಾಗಿಲಲ್ಲೇ ನಿಂತರು.

“ಏನಾಯ್ತಪ್ಪಾ?”

“ಹಾಡೋಕೆ ಶುರು ಮಾಡಿದ್ಳು ಅಕ್ಕಾ. ಅರ್ಧಕ್ಕೇ ನಿಲ್ಲಿಸಿ ಪೆಟ್ಟಿಗೆ ದೂಡಿಬಿಟ್ಳು. ಈಗ ಒಂದು ಪದವೂ ಬರ್ತಿಲ್ಲ. ಪೆಟ್ಟಿಗೆ ಚೆನ್ನಾಗೇ ಇದೆ, ನಿಮ್ಮನ್ನ ದೂರ್ತಿಲ್ಲ...”

ದೊಡ್ಡಮ್ಮನಿಗೆ ಕೂಡಲೇ ಹೊಳೆಯಿತು. ಎಷ್ಟೋ ವರ್ಷ ಆ ತಗ್ಗಿದ ಗಾಂಧಾರದ ಜೊತೆ ಹಾಡಿದ ಗಂಟಲು ಅದಕ್ಕೇ ಒಗ್ಗಿತ್ತು. ಆಕೆಯ ಮಾತುಗಳು ಬರುತ್ತಿದ್ದ ದಾರಿಯನ್ನೇ ತಾವು ಮುಚ್ಚಿದ್ದರು. ಮತ್ತೆ ಇಳಿಸೋಣವೆಂದರೆ, ಮೊದಲು ಎಷ್ಟು ತಗ್ಗಿತ್ತೆಂದು ಗುರುತು ಮಾಡಿಕೊಂಡಿರಲಿಲ್ಲ. ಹಳೆಯ ರೀಡು ಬೇರೆ. ಬುಡವನ್ನು ಒಂದಿಷ್ಟು ಹೆಚ್ಚು ಕೆರೆದರೆ ಮುರಿದೇ ಹೋಗುತ್ತದೆ.

“ನಡೀರಿ, ನಿಮ್ಮನೆಗೆ ಹೋಗೋಣ” ಎಂದು ಅರಗಳ ಚೀಲ ಎತ್ತಿಕೊಂಡರು.

ಡ್ರೈವರ ಮನೆಯಲ್ಲಿ ಆಕೆ ಪೆಟ್ಟಿಗೆಗೆ ಬೆನ್ನು ಮಾಡಿ ಕೂತು, ಒಂದೇ ಕೈಯಿಂದ ಒಗೆದ ಬಟ್ಟೆ ಮಡಚುತ್ತಿದ್ದರು. ದೊಡ್ಡಮ್ಮ ಪಕ್ಕದಲ್ಲಿ ಕೂತು ತಾವೂ ಒಂದು ಟವೆಲು ಮಡಚಿದರು. ಸ್ವಲ್ಪ ಹೊತ್ತಿಗೆ ಆಕೆಯ ಗಂಟಲಿನಲ್ಲಿ ಸಣ್ಣ ಗುನುಗು ಕೇಳಿತು. ಪದಗಳಿರಲಿಲ್ಲ, ಬರೀ ರಾಗ.

ದೊಡ್ಡಮ್ಮ ಡ್ರೈವರಿಗೆ ತಿದಿ ಒತ್ತಲು ಸನ್ನೆ ಮಾಡಿ ಆಧಾರ ಸ್ವರವಾದ ಷಡ್ಜವನ್ನು ಮೆಲ್ಲಗೆ ಹಿಡಿದರು. ಗುನುಗು ತಾನಾಗಿ ಅದರ ಮೇಲೆ ಬಂದು ಕೂತಿತು. ರಾಗ ಗಾಂಧಾರದಲ್ಲಿ ನಿಂತಾಗ ಗಾಂಧಾರವನ್ನೂ ಒತ್ತಿದರು. ಹತ್ತಿರವಿದ್ದೂ ಒಂದಾಗದ ಎರಡು ಸ್ವರಗಳು ಸೇರಿದರೆ ಸದ್ದು ಅಲೆಯಂತೆ ಏಳುತ್ತದೆ, ಬೀಳುತ್ತದೆ. ಸ್ವರಗಳು ಹತ್ತಿರವಾದಷ್ಟೂ ಅಲೆ ನಿಧಾನವಾಗಿ, ಒಂದಾದಾಗ ನಿಲ್ಲುತ್ತದೆ. ಆ ಕೋಣೆಯಲ್ಲಿ ‘ವಾಂ ವಾಂ ವಾಂ’ ಎಂದು ಕೇಳಿತು. ಆಕೆ ಹುಬ್ಬು ಗಂಟಿಕ್ಕಿದರು, ಆದರೆ ಗುನುಗು ನಿಲ್ಲಿಸಲಿಲ್ಲ.

ದೊಡ್ಡಮ್ಮ ರೀಡು ಬಿಚ್ಚಿ ಬುಡವನ್ನು ಸೋಕಿದಂತೆ ಕೆರೆದರು. ಅದು ತಣ್ಣಗಾಗುವವರೆಗೆ ಒಂದು ದಿಂಬಿನ ಚೀಲ ಮಡಚಿದರು. ಮತ್ತೆ ಕೂರಿಸಿ ಒತ್ತಿದಾಗ ಅಲೆ ನಿಧಾನವಾಗಿತ್ತು. ಮತ್ತೆ ಕೆರೆತ, ಮತ್ತೊಂದು ಬಟ್ಟೆ. ಡ್ರೈವರಿಗೆ ತಡೆಯಲಾಗಲಿಲ್ಲ.

“ಸಾಕೇನೋ ಅಕ್ಕಾ? ಮುರಿದುಗಿರಿದು ಹೋದೀತು.”

“ನೀವು ತಿದಿ ಒತ್ತಿ, ಬಾಯಿ ಮುಚ್ಚಿ. ಸುಮ್ನಿರೋಕಾಗದಿದ್ರೆ ಆ ಅಂಗಿ ಮಡಚಿ.”

ಡ್ರೈವರು ಅಂಗಿಯನ್ನು ಉಂಡೆ ಮಾಡಿದಂತೆ ಮಡಚಿಟ್ಟರು. ಬಟ್ಟೆಯ ರಾಶಿ ಕರಗುತ್ತಾ ಬಂದಿತ್ತು. ಕೊನೆಗೊಮ್ಮೆ ದೊಡ್ಡಮ್ಮ ಒತ್ತಿದಾಗ ಅಲೆ ಇರಲಿಲ್ಲ. ಎಲ್ಲಿ ರೀಡು, ಎಲ್ಲಿ ಗಂಟಲು ಎಂದು ತಿಳಿಯದ ಹಾಗೆ ಸ್ವರ ನೆಟ್ಟಗೆ ನಿಂತಿತು.

ಆಕೆ ತಿರುಗಿ ನೋಡಿದರು. ಎಡಗೈ ಚಾಚಿ ತಾವೇ ಗಾಂಧಾರ ಒತ್ತಿದರು. ಆಮೇಲೆ ಗಂಡನ ಮುಂದಿದ್ದ ಉಂಡೆಯನ್ನು ನೋಡುತ್ತಾ, ಒಂದೊಂದೇ ಪದವನ್ನು ಎಳೆದು ಹಾಡಿದರು: “ಅಂಗೀ... ಹೀಗಾ... ಮಡಚೋದೂ...”

“ಬೈದ್ಳು ಅಕ್ಕಾ! ಬೈದೇಬಿಟ್ಳು!” ಡ್ರೈವರು ನಗುತ್ತಲೇ ಆ ಅಂಗಿಯಿಂದ ಕಣ್ಣೊರೆಸಿಕೊಂಡರು. ದೊಡ್ಡಮ್ಮ ಆಕೆಯ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ನೀವೇ ತೋರಿಸಿಕೊಟ್ರಿ, ಇಲ್ಲದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ” ಎಂದರು.

ಈಗ ಯಾರು ಪೆಟ್ಟಿಗೆ ತಂದರೂ ದೊಡ್ಡಮ್ಮ ಮೊದಲು ಅವರಿಂದಲೇ ಹಾಡಿಸುತ್ತಾರೆ. ನಾಚಿಕೆಯವರು ಗುನುಗಿದರೂ ಸಾಕು. ಆಮೇಲೆಯೇ ಅರ ಹಿಡಿಯುವುದು.

ಡ್ರೈವರು ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಬಸ್ಸಿನ ಹಾರ್ನ್ ಬಾರಿಸಿ ಕೈಯೆತ್ತುತ್ತಾರೆ. ದೊಡ್ಡಮ್ಮ ಕೆಲಸ ಬಿಟ್ಟು ಬಾಗಿಲಿಗೆ ಬಂದು ತಾವೂ ಕೈಯೆತ್ತುತ್ತಾರೆ.

“ಹಾರ್ನ್ ಸ್ವಲ್ಪ ಏರಿದೆ, ಅಲ್ವಾ?” ಎಂದು ಒಮ್ಮೆ ದೊಡ್ಡಪ್ಪನನ್ನು ಕೇಳಿದರು.

“ಇರಲಿ ಬಿಡು. ದಯವಿಟ್ಟು ಅದನ್ನ ಮುಟ್ಬೇಡ” ಎಂದರು ದೊಡ್ಡಪ್ಪ.