ಬೆರಳಿಲ್ಲದವನ ತಾಯಿ

ಮಧ್ಯಾಹ್ನದ ಚಹಾಕ್ಕೆ ನೀರಿಡುವ ಮೊದಲು ನಾನು ಹಿತ್ತಲ ಬಾಗಿಲಿನ ಚಿಲಕ ತೆಗೆದು, ಟಿವಿಯ ಎದುರಿಗೆ ಎರಡು ಕುರ್ಚಿ ಹಾಕುತ್ತಿದ್ದೆ. ಬೆತ್ತದ್ದು ನನ್ನದು. ಮೆತ್ತನೆ ಗಾದಿ ಹಾಕಿದ್ದು ಪಕ್ಕದ ಮನೆಯ ಅಕ್ಕಾರದು. ನಾಲ್ಕು ಬಡಿಯುವ ಹೊತ್ತಿಗೆ ಅವರು ಹಿತ್ತಲಿನಿಂದಲೇ ಕೂಗಿಕೊಂಡು ಬರುತ್ತಿದ್ದರು.

"ಬಾಯಾರ, ಬಂದಾನೇನ್ರಿ ಅಂವಾ?"

ಬಾಯಾರು ಅಂದರೆ ನಾನು, ಅಂವಾ ಅಂದರೆ ಟಿವಿಯೊಳಗೆ ಹಾವು ಹಿಡಿಯುವವನು. ಬರೀ ಹಾವಲ್ಲ, ಮೊಸಳೆ, ಚೇಳು, ಯಾವುದನ್ನು ಕಂಡು ಉಳಿದವರು ಓಡುತ್ತಾರೋ ಅದರ ಹತ್ತಿರ ಇವನು ಹೋಗುತ್ತಿದ್ದ. ನೆರೆತ ಗಡ್ಡ, ಬಿಸಿಲಿಗೆ ಸುಟ್ಟ ಮೂಗು. ಎಡಗೈಯ ಉಂಗುರದ ಬೆರಳು ಅರ್ಧಕ್ಕೇ ಮುಗಿದಿತ್ತು. ಅದಕ್ಕೇ ಅಕ್ಕಾರು ಅವನನ್ನು ಬೆರಳಿಲ್ಲದಾಂವ ಎಂದು ಕರೆಯುತ್ತಿದ್ದರು. ಅವನ ಖರೇ ಹೆಸರು ಅವರ ಬಾಯಿಗೆ ಒಗ್ಗುತ್ತಿರಲಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಭಾಷಣದ ಎಲೋಕ್ಯೂಷನ್ ಸ್ಪರ್ಧೆಯಲ್ಲಿ ಕಪ್ ಗೆದ್ದವಳು. ಸಿಸ್ಟರ್ ಒಬ್ಬರು ನನ್ನ ಗದ್ದ ಹಿಡಿದು ಮೇಲೆತ್ತಿ, "ಸ್ಪೀಕ್ ಅಪ್, ಚೈಲ್ಡ್, ಸಂಬಡಿ ಈಸ್ ಲಿಸನಿಂಗ್" ಅನ್ನುತ್ತಿದ್ದರು. ಆಮೇಲೆ ರಿಟೈರ್ ಆಗುವವರೆಗೂ ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಸಾಹೇಬರ ಇಂಗ್ಲಿಷ್ ಪತ್ರಗಳನ್ನು ತಿದ್ದಿ ಟೈಪ್ ಮಾಡಿದೆ. ಮದುವೆ ಆಗಲಿಲ್ಲ. ಅದಕ್ಕೆ ಒಂದು ಕಾರಣವಿತ್ತು, ಈಗ ಅದು ಯಾರಿಗೂ ಬೇಕಾಗಿಲ್ಲ. ಕೈಗೆ ಬಂದ ದುಡ್ಡಿನಲ್ಲಿ ನವನಗರದಲ್ಲಿ ಈ ಎರಡು ಕೋಣೆಯ ಮನೆ ಮಾಡಿಕೊಂಡೆ. ನನ್ನ ಜೊತೆ ಇಂಗ್ಲಿಷಿನಲ್ಲಿ ಜೋಕು ಹೊಡೆಯುತ್ತಿದ್ದ ಗೆಳತಿಯರು ಒಬ್ಬೊಬ್ಬರಾಗಿ ಹೋದರು. ಕಡೆಗೆ ನನ್ನ ಇಂಗ್ಲಿಷಿಗೆ ಉತ್ತರ ಕೊಡುವವರು ಅಂತ ಉಳಿದದ್ದು ಬ್ಯಾಂಕಿನ ಕಸ್ಟಮರ್ ಕೇರ್‌ನವರು ಮಾತ್ರ. ಅವರೂ "ಪ್ಲೀಸ್ ಹೋಲ್ಡ್" ದಾಟಿ ಮುಂದೆ ಹೋಗುತ್ತಿರಲಿಲ್ಲ.

ಅಕ್ಕಾರದು ಹತ್ತಿ ವ್ಯಾಪಾರಸ್ಥರ ಮನೆತನ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಮನೆ ತುಂಬ ಮಂದಿ. ಯಜಮಾನರು ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇದ್ದರು. ಊಟವಾದ ಮೇಲೆ ಆ ಮನೆಯೆಲ್ಲ ಮಲಗುತ್ತಿತ್ತು, ಅಕ್ಕಾರಿಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಕರಿಬೇವು ಕೇಳಲು ಬಂದವರು, ಟಿವಿಯಲ್ಲಿ ಕಾಳಿಂಗ ಸರ್ಪ ಆಳೆತ್ತರಕ್ಕೆ ಹೆಡೆ ಎತ್ತಿ ನಿಂತದ್ದನ್ನು ನೋಡಿ ಅಲ್ಲೇ ಕೂತುಬಿಟ್ಟರು.

"ಏನಂತಾನ್ರಿ ಅಂವಾ?" ಎಂದು ಕೇಳಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಹೇಳಿದೆ. ಮರುದಿನ ಕರಿಬೇವಿನ ನೆವ ಇಲ್ಲದೆ ಬಂದರು.

ಅಂದಿನಿಂದ ನಾನು ಅವನ ಬಾಯಿ ಆದೆ. ಅವನು ಪಿಸುಗುಟ್ಟಿದರೆ ನಾನೂ ಪಿಸುಗುಟ್ಟುತ್ತಿದ್ದೆ. ಅವನು ಕೊಕ್ಕೆಕೋಲಿನಿಂದ ಹಾವನ್ನು ಎತ್ತಿ "ಈಜಿ, ಸ್ವೀಟ್‌ಹಾರ್ಟ್, ಈಜಿ" ಎಂದರೆ ನಾನು "ತಡೀ ನನ್ನವ್ವಾ, ತಡಿ" ಎನ್ನುತ್ತಿದ್ದೆ. ಸ್ವೀಟ್‌ಹಾರ್ಟ್ ಎಂಬುದನ್ನು ವಿಭೂತಿ ಹಚ್ಚಿದ ಹೆಣ್ಣುಮಗಳಿಗೆ ಇನ್ನು ಹೇಗೆ ಹೇಳುವುದು? ಅಕ್ಕಾರಿಗೆ ಅದು ಬಹಳ ಹಿಡಿಸಿತು.

"ಹಾವಿಗೆ ಅವ್ವಾ ಅಂತಾನ. ಅವನ್ನ ಹಡದಾಕಿ ಇನ್ನೂ ಅದಾಳೇನ್ರಿ?"

ನನಗೇನು ಗೊತ್ತು. ಆದರೆ ಅಕ್ಕಾರು ಟಿವಿ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನನ್ನ ಮುಖವನ್ನು ಯಾರಾದರೂ ಹಾಗೆ ಉತ್ತರಕ್ಕಾಗಿ ನೋಡಿ ಬಹಳ ಕಾಲವಾಗಿತ್ತು.

"ಅದಾಳ್ರಿ, ಊರಾಗ," ಎಂದೆ.

ಆಮೇಲೆ ಆ ತಾಯಿ ನಮ್ಮಿಬ್ಬರ ನಡುವೆ ದಿನಾ ಬಂದು ಕೂಡತೊಡಗಿದಳು. ಮಗ ಫೋನ್ ಮಾಡುವ ತನಕ ಆಕೆ ಉಣ್ಣುತ್ತಿರಲಿಲ್ಲ. ಮೊಸಳೆಯ ಕೆಲಸ ಬಿಡು, ಬೇಕಾದರೆ ಹಾವು ಹಿಡಿ ಎಂದು ಹಟ ಹಿಡಿದಿದ್ದಳು. ಸೋಮವಾರ ಏನನ್ನೂ ಹಿಡಿಯಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಳು.

"ಅವರಲ್ಲೂ ಸೋಮವಾರ ಮಾಡ್ತಾರೇನ್ರಿ?" ಎಂದು ಅಕ್ಕಾರು ಹುಬ್ಬು ಏರಿಸಿದರು.

"ಮಾಡ್ತಾರಂತ್ರಿ, ಕೆಲವರು."

"ಛಲೋ ಮಂದಿ ಹಂಗಾದ್ರ."

ಬೆರಳಿನ ಕಥೆ ಬಂದದ್ದೂ ಅವರು ಕೇಳಿದ್ದರಿಂದಲೇ. ಸಣ್ಣವನಿದ್ದಾಗ ಹೊಲದ ಬದುವಿನ ಮೇಲೆ ಹಾವು ಕಡಿಯಿತು, ವಿಷ ಏರಬಾರದೆಂದು ತಾಯಿ ತಾನೇ ಕುಡುಗೋಲು ತಗೊಂಡು ಮಗನ ಬೆರಳು ಕತ್ತರಿಸಿದಳು ಎಂದೆ. ಅಕ್ಕಾರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಎಂಥಾ ಎದಿ ಇರಬೇಕ್ರಿ ಆಕೀದು." ಆ ಕಥೆಯನ್ನು ಅವರು ತಿರುತಿರುಗಿ ಹೇಳಿಸಿಕೊಂಡರು. ಚಹಾ ಆರುತ್ತಿತ್ತು, ಅವರು ಏಳುತ್ತಿರಲಿಲ್ಲ. ಅವರು ಏಳದೇ ಇರಲಿ ಎಂದೇ ನಾನು ಕಥೆಗೆ ಇನ್ನಷ್ಟು ಸೇರಿಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಕೇಬಲ್‌ನವರು ಬಂದು ಹಳೆಯ ಬಾಕ್ಸ್ ಒಯ್ದು ಹೊಸದು ಕೂಡಿಸಿ ಹೋದರು. ಆ ಮಧ್ಯಾಹ್ನ ಟಿವಿ ಹಚ್ಚಿದರೆ ಬೆರಳಿಲ್ಲದವನು ಕನ್ನಡ ಮಾತಾಡುತ್ತಿದ್ದ. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ, ಇಂಗ್ಲಿಷಿಗೆ ತಿರುಗಲಿಲ್ಲ.

"ಇರಲಿ ಬಿಡ್ರಿ ಬಾಯಾರ," ಎಂದರು ಅಕ್ಕಾರು. "ನಿಮಗೂ ಒಂದಿನ ಸೂಟಿ."

ರಜೆ ಸಿಕ್ಕವಳ ಹಾಗೆ ಕೈ ಕಟ್ಟಿ ಕೂತೆ. ನನ್ನ ಮನೆಯಲ್ಲಿ ನನಗೇ ಕೆಲಸವಿರಲಿಲ್ಲ. ಅವನ ದನಿಯೂ ಬೇರೆ ಯಾರದೋ ತರುಣನದು. "ಹೆದರದಿರು ಪ್ರಿಯೆ, ನಾನು ನಿನಗೇನೂ ಮಾಡಲಾರೆ," ಎಂದು ಹಾವಿಗೆ ಹೇಳುತ್ತಿದ್ದ.

"ಹಾವಿಗೆ ಪ್ರಿಯೆ ಅಂತಾನಲ್ರೀ," ಎಂದು ಅಕ್ಕಾರು ಸೆರಗು ಬಾಯಿಗೆ ಹಿಡಿದು ನಕ್ಕರು. "ಮಂಗ್ಯಾನಂಥಾಂವ. ಅವರವ್ವ ಕೇಳ್ಯಾಳೇನು ಇದನ್ನ?"

ನಾನೂ ನಕ್ಕೆ. ಅಷ್ಟರಲ್ಲಿ ಅವನು ಹಾವನ್ನು ಚೀಲಕ್ಕೆ ಬಿಟ್ಟು, ಎಡಗೈ ಮೇಲೆತ್ತಿ ತೋರಿಸಿದ. ಅನೇಕರು ನನ್ನ ಈ ಬೆರಳಿನ ಬಗ್ಗೆ ಕೇಳುತ್ತಾರೆ, ಎಂದ. ಹಾವು ಕಚ್ಚಿದ್ದಲ್ಲ. ಚಿಕ್ಕಂದಿನಲ್ಲೇ ತಾಯಿ ತೀರಿಹೋದರು. ಚಿಕ್ಕಪ್ಪನ ಹೊಲದಲ್ಲಿ ಕೆಲಸಕ್ಕಿದ್ದೆ, ಅಲ್ಲಿ ಯಂತ್ರದ ಬೆಲ್ಟಿಗೆ ಸಿಕ್ಕು ಹೋಯಿತು.

ಇಷ್ಟು ವರ್ಷ ಅವನ ಬಾಯಿಂದ ನಾನೂ ಇದನ್ನು ಕೇಳಿರಲಿಲ್ಲ. ಟಿವಿಯನ್ನೇ ನೋಡುತ್ತ ಕೂತೆ. ಜಾಹೀರಾತು ಬಂತು, ಅದನ್ನೂ ನೋಡಿದೆ. ಅಕ್ಕಾರು ತಮ್ಮ ಎಡಗೈಯ ಉಂಗುರದ ಬೆರಳು ಹಿಡಿದುಕೊಂಡರು.

"ನಮ್ಮವರದೂ ಹಂಗ ಹೋಗಿತ್ತು ನೋಡ್ರಿ. ಹತ್ತಿ ಜಿನ್ನಿಂಗ್ ಮಷೀನಿನ ಬೆಲ್ಟಿನ್ಯಾಗ. ಇದ ಬೆರಳು."

ಇದನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ನಾನೂ ಎಂದೂ ಕೇಳಿರಲಿಲ್ಲ. ಕೇಳುವುದು ಅವರ ಕೆಲಸ, ಹೇಳುವುದು ನನ್ನದು, ಹಾಗೇ ನಡೆದುಬಂದಿತ್ತು. ಅವರು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಬರ್ತೇನ್ರಿ ಬಾಯಾರ," ಎಂದರು. ಚಹಾ ಇನ್ನೂ ಸೋಸಿರಲಿಲ್ಲ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಿಲಕ ತೆಗೆದಿಟ್ಟು, ಎರಡು ಕುರ್ಚಿ ಹಾಕಿ, ಕನ್ನಡದ ಬೆರಳಿಲ್ಲದವನನ್ನು ಒಬ್ಬಳೇ ನೋಡಿದೆ. ಅವನು ಹೇಳಿದ್ದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಅವರಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಹೋಗಿ ಏನೆಂದು ಹೇಳಲಿ? ನನಗೆ ಕ್ಷಮೆ ಕೇಳುವುದು ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ. "ಐ ಆಮ್ ಟೆರಿಬ್ಲಿ ಸಾರಿ" ಎಂದು ಸಾಹೇಬರ ಪರವಾಗಿ ಎಷ್ಟು ಪತ್ರ ಟೈಪ್ ಮಾಡಿದ್ದೇನೋ. ಅದನ್ನು ಪಕ್ಕದ ಮನೆಯ ಅಕ್ಕಾರಿಗೆ ಹೇಳುವ ಕನ್ನಡ ನನ್ನ ನಾಲಿಗೆಯ ಮೇಲೆ ಇರಲಿಲ್ಲ.

ಕಾಯಿಪಲ್ಲೆ ಗಾಡಿಯ ಹತ್ತಿರ ಅವರ ಸೊಸೆ ಸಿಕ್ಕಳು.

"ಅತ್ತಿಯವರು ಹೆಂಗದಾರ?"

"ಮೊಣಕಾಲು ಬಾತಾವ್ರಿ ಆಂಟಿ. ಹಿತ್ತಲ ಮೆಟ್ಟಲಾ ಇಳಿಯಾಕ ಆಗವಲ್ದು. ಈಗ ನಮ್ಮನ್ಯಾಗೂ ಕನ್ನಡದಾಗ ಬರ್ತೈತ್ರಿ, ಅಲ್ಲೇ ನೋಡ್ತಾರ." ಮೆಂತೆ ಸೂಡು ಆರಿಸುತ್ತ ಇನ್ನೊಂದು ಮಾತು ಹೇಳಿದಳು. "ನೀವು ಹಿತ್ತಲ ಬಾಗಲಾ ತಗದ ಇಟ್ಟಿರ್ತೀರಿ. ಬಾಜೂ ಖುಲ್ಲಾ ಪ್ಲಾಟಿನ್ಯಾಗ ಹಾವು ಅಡ್ಡ್ಯಾಡ್ತಾವ್ರಿ. ಹಾಕ್ಕೋರಿ."

ಮೊಣಕಾಲು, ಕನ್ನಡ, ಎರಡರಲ್ಲಿ ಯಾವುದು ಕಾರಣ ಎಂದು ಕೇಳಲಾಗಲಿಲ್ಲ. ಮನೆಗೆ ಬಂದು ಮೆಂತೆ ಸೋಸುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ದಿನ ಅವರೇ ಬಂದದ್ದು. ನಾನು ಆ ಮನೆಗೆ ಹೋದದ್ದು ಕಾರ್ಯ ಇದ್ದಾಗ, ಕರೆದಾಗ, ಮುಂಬಾಗಿಲಿನಿಂದ, ಒಳ್ಳೆಯ ಸೀರೆ ಉಟ್ಟು. ಕರೆಯದೆ ಯಾರ ಮನೆಗೂ ಹೋಗಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಕರೆಯದೆ ಬಂದವರಿಗಾಗಿ ನಾನು ದಿನಾ ಕುರ್ಚಿ ಹಾಕುತ್ತಿದ್ದೆ.

ರವಿವಾರ ಮನೆಯ ಸೀರೆಯಲ್ಲೇ ಹಿತ್ತಲಿನಿಂದ ಹೋದೆ. ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಎಲೋಕ್ಯೂಷನ್ ಕಪ್ ಗೆದ್ದ ದಿನವೂ ಅಷ್ಟು ಕಷ್ಟವಾಗಿರಲಿಲ್ಲ.

"ಅಕ್ಕಾರ, ಬಂದಾನೇನ್ರಿ ಅಂವಾ?"

ಒಳಗಿನಿಂದ ಅಕ್ಕಾರ ದನಿ ಬಂತು.

"ಈಗ ಬಂದ ನೋಡ್ರಿ. ಬರ್ರಿ, ಬರ್ರಿ."

ಅಕ್ಕಾರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕಾಲು ಚಾಚಿದ್ದರು. ಸರಿದು ಜಾಗ ಮಾಡಿದರು. ನೆಲದ ಮೇಲೆ ಮೊಮ್ಮಕ್ಕಳು ಶೇಂಗಾ ಸುಲಿಯುತ್ತಿದ್ದರು. ಟಿವಿಯಲ್ಲಿ ಬೆರಳಿಲ್ಲದವನು ಮೊಸಳೆಯ ಬೆನ್ನ ಮೇಲೆ ಬಿದ್ದು, ಅದರ ಕಣ್ಣಿಗೆ ಅರಿವೆ ಮುಚ್ಚಿ, ಏನೋ ದೊಡ್ಡ ದನಿಯಲ್ಲಿ ಕನ್ನಡದಲ್ಲಿ ಹೇಳಿದ. ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅಕ್ಕಾರು ಮೊಣಕೈಯಿಂದ ನನ್ನನ್ನು ತಿವಿದರು.

"ಏನಂದ್ರಿ ಅಂವಾ?"

ಮೊಮ್ಮಗಳು ತಿರುಗಿ ನೋಡಿದಳು. "ಆಯೀ, ಕನ್ನಡದಾಗ ಹೇಳಿದ್ನಲ್ಲ ಈಗ."

"ನೀ ಸುಮ್ಮ ಶೇಂಗಾ ಸುಲಿ. ಅಂವಾ ಹೇಳಿದ್ದು ನನಗೂ ಕೇಳಿಸೇತಿ. ನಾ ಬಾಯಾರ್ನ ಕೇಳಾಕತ್ತೇನಿ."

ನಾನು ಅವರ ಕಡೆ ಬಾಗಿ ಹೇಳಿದೆ. "ಅವರವ್ವಗ ಮೊಣಕಾಲು ನೋವಂತ್ರಿ. ಎಣ್ಣಿ ಹಚ್ಚಿ ತಿಕ್ಕಿ ಬಂದೇನಿ, ಲಗೂ ಮನಿಗೆ ಹೋಗಬೇಕು ಅಂದ."

ಅಕ್ಕಾರು ಟಿವಿಯನ್ನೇ ನೋಡುತ್ತಿದ್ದರು. "ಹುಷಾರ್ ಇರು ಅಂತ ಹೇಳಬೇಕಿತ್ರಿ ಆಕೀಗೆ," ಎಂದರು. "ಈ ವಯಸ್ಸಿನ್ಯಾಗ ಬಾತ ಮೊಣಕಾಲು ಹಂಗ ಇಳಿಯಂಗಿಲ್ಲ."

ಅಕ್ಕಾರ ಮೊಣಕಾಲಿನ ಬಾವು ಇಳಿಯಲಿಲ್ಲ. ರವಿವಾರ ಬಿಟ್ಟು ಉಳಿದ ದಿನಗಳಲ್ಲಿ ಆ ಹೊತ್ತಿಗೆ ಅವರ ಟಿವಿಯಲ್ಲಿ ಈಗ ಸೊಸೆಯ ಹೊಸ ಧಾರಾವಾಹಿ ಇರುತ್ತದೆ. ಹಾಗಾಗಿ ನಮ್ಮದು ಈಗ ರವಿವಾರಕ್ಕೆ ಮಾತ್ರ. ನಮ್ಮನೆಯ ಬಾಕ್ಸನ್ನು ಕೇಬಲ್‌ನವರಿಗೆ ಹೇಳಿ ಮತ್ತೆ ಇಂಗ್ಲಿಷಿಗೆ ಮಾಡಿಸಿಕೊಂಡಿದ್ದೇನೆ. ಮಿಕ್ಕ ಮಧ್ಯಾಹ್ನ ಒಬ್ಬಳೇ ನೋಡುತ್ತೇನೆ, ರವಿವಾರಕ್ಕೆ ಅವನ ತಾಯಿಯ ಸುದ್ದಿ ಕೂಡಿಸಿಡುತ್ತೇನೆ.

ಹಿತ್ತಲ ಬಾಗಿಲು ಇನ್ನೂ ತೆಗೆದೇ ಇರುತ್ತದೆ. ಸೊಸೆ ಕಂಡಾಗೊಮ್ಮೆ ಬೈಯುತ್ತಾಳೆ. ಹಾವು ಬಂದರೆ ಬರಲಿ. ಅದರ ಕೂಡ ಇಂಗ್ಲಿಷಿನಲ್ಲಿ ಹೇಗೆ ಮಾತಾಡಬೇಕೆಂದು ನನಗೆ ಗೊತ್ತಿದೆ, ಮನೆಯಲ್ಲಿ ಒಂದು ಕುರ್ಚಿಯೂ ಖಾಲಿ ಇದೆ.